ಬೇವಿನ ಬೆಳ್ಳಿ

ಬೇವಿನ ರಸದಿಂದ ತಯಾರಿಸಿದ ಬೆಳ್ಳಿಯ ನ್ಯಾನೊ ಕಣಗಳು ಸೋಪು, ಬಟ್ಟೆ, ಕುಡಿಯುವ ನೀರು ಎಲ್ಲದರಲ್ಲೂ ಸೇರಿದ ಮೇಲೆ ಮಂಗಳೂರಿನಿಂದ ಬ್ಯಾಕ್ಟೀರಿಯಾ ಎಂಬ ಪೀಡೆ ತೊಲಗಿತ್ತು. ಯಾರ ಗಾಯವೂ ಕೀವಾಗುತ್ತಿರಲಿಲ್ಲ. ಸತ್ತವರು ಕೊಳೆಯುತ್ತಲೂ ಇರಲಿಲ್ಲ. ಎರಡನೆಯದನ್ನು ಜಾಹೀರಾತಿನಲ್ಲಿ ಹೇಳಿರಲಿಲ್ಲ, ಅಷ್ಟೇ.

ಸೆರಪಿನ್ ಬಾಯಿಯ ಅತ್ತೆ ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಇಗರ್ಜಿಯ ಸ್ಮಶಾನದಲ್ಲಿ ಗುಂಡಿ ತೋಡುವ ಕೈತಾನ್ ಆ ಕುಟುಂಬದ ಸಮಾಧಿ ತೆರೆದ. ಇಪ್ಪತ್ತು ವರ್ಷದ ಹಿಂದೆ ಹೂತಿದ್ದ ಸೆರಪಿನ್ ಬಾಯಿಯ ಗಂಡ ಲಿಗೋರಿ, ಮಧ್ಯಾಹ್ನದ ಊಟ ಮುಗಿಸಿ ಮಲಗಿದವನಂತೆ ಇದ್ದ. ಮೀಸೆಯೂ ಕೆಟ್ಟಿರಲಿಲ್ಲ.

ಕೆಲಸಕ್ಕೆ ಹೊಸಬನಾದ ಕೈತಾನ್ ಕೇಳಿದ: “ನಿಮ್ಮ ಮಗನಾ ಬಾಯಮ್ಮ?”

“ಗಂಡ.” ಅವಳು ನರೆತ ಕೂದಲ ಮೇಲೆ ಸೆರಗು ಎಳೆದುಕೊಂಡಳು. “ಪ್ರಾಯ ಆದದ್ದು ನನಗೆ ಮಾತ್ರ.”

“ಇವರು ಮಣ್ಣಾಗದೆ ಜಾಗ ಖಾಲಿ ಆಗುದಿಲ್ಲ. ಎಂತ ಮಾಡುದು ಈಗ?”

“ಬದುಕಿದ್ದಾಗಲೂ ಇವರು ಎಬ್ಬಿಸಿದರೆ ಏಳ್ತಿರಲಿಲ್ಲ ಮಾರಾಯ.”

ಸೆರಪಿನ್ ಬಾಯಿ ಬಗ್ಗಿ ಲಿಗೋರಿಯ ಅಂಗಿಯ ಕಾಲರಿನ ಮೇಲಿನ ಮಣ್ಣು ಕೊಡವಿದಳು. ಮಣ್ಣೆಲ್ಲ ಹೋದ ಮೇಲೂ ಕೈ ಅಲ್ಲೇ ಇತ್ತು.

“ಇನ್ನೂ ಆಳ ತೋಡು. ಇವರನ್ನು ಕೆಳಗೆ ಮಲಗಿಸಿ ಅತ್ತೆಯನ್ನು ಮೇಲೆ ಇಡು. ಮಗನನ್ನು ನಾನು ದೂರ ಮಾಡಿದೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ರು. ಇನ್ನು ಜೊತೆಯಲ್ಲೇ ಇರ್ಲಿ.”

“ಮತ್ತೆ ನಿಮಗೆ ಜಾಗ?”

ಅವಳು ಅತ್ತೆಯ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ಕೆಳಗೆ, ಇವರ ಪಕ್ಕದಲ್ಲಿ. ಈಗಲೇ ಸ್ವಲ್ಪ ಅಗಲ ತೋಡಿಡು. ಅತ್ತೆಗೆ ಗೊತ್ತಾಗುದು ಬೇಡ.”