ಹೂಕಿರೀಟ

ಇಗರ್ಜಿಯ ಗಂಟೆಯ ಸದ್ದು ಅಡಗುವ ಮುಂಚೆಯೇ ಮೊದಲ ಕಲ್ಲು ಆ ಹೆಂಗಸಿನ ಬಾಯಿಗೆ ಬಿತ್ತು. ಹಲ್ಲುಗಳು ಮುರಿದವು. ಇನ್ನು ಅವಳು ಏನು ಹೇಳಿದರೂ ಅರ್ಥವಾಗುವಂತಿರಲಿಲ್ಲ. ಕೇಳುವ ತಾಳ್ಮೆಯೂ ಯಾರಿಗೂ ಇರಲಿಲ್ಲ.

ಸಾಂತಾ ಎದುವಿಗೆಸ್ ಎಂಬ ಆ ಊರಿನ ಮುದುಕರಿಗೆ ಓದು ಬಾರದು, ಫೋನ್ ಮಾತ್ರ ಬರುತ್ತದೆ. ಗುಂಡಿ ಒತ್ತಿ ಹಿಡಿದು ಮಾತಾಡಿದರೆ ಊರಿಗೆ ಊರೇ ಕೇಳಿಸಿಕೊಳ್ಳುತ್ತದೆ. ಊರವರ ಫೋನ್ ಗುಂಪಿನಲ್ಲಿ ಈಚೆಗೆ ಒಂದೇ ಸುದ್ದಿ: ಮಕ್ಕಳ ಕಳ್ಳರು ಬಂದಿದ್ದಾರೆ. ಆ ಮಧ್ಯಾಹ್ನ, ಊರೆಲ್ಲ ಗೌರವದಿಂದ ದೊನ್ಯಾ ಎಂದು ಕರೆಯುವ ಮುದುಕಿ ತೆಂಚಾ ಶಾಲೆಯ ಗೇಟಿನಿಂದ ನಡುಗುವ ದನಿ ಕಳಿಸಿದಳು: "ಕೆನ್ನೆ ಸುಟ್ಟ ಯಾವಳೋ ನನ್ನ ಮೊಮ್ಮಗಳ ಕೈ ಹಿಡ್ಕೊಂಡು ಎಳೀತಿದಾಳೆ. ಬೇಗ ಬನ್ರಪ್ಪಾ."

ಮೊಮ್ಮಗಳು ಯೆಸ್ಲಿ ಎಂದರೆ ತೆಂಚಾಳಿಗೆ ಜೀವ. ಹಾಲು ಬಿಡಿಸುವ ಮುಂಚೆಯೇ ಅವಳನ್ನು ಅಜ್ಜಿಯ ಮಡಿಲಿಗೆ ಹಾಕಿ, ತಾಯಿ ಮಾರ್ಲೆನಿ ಗಡಿಯಾಚೆ ಕೋಳಿ ಕಾರ್ಖಾನೆಗೆ ದುಡಿಯಲು ಹೋಗಿದ್ದಳು. ಪ್ರತಿ ಭಾನುವಾರ ವಿಡಿಯೋ ಕರೆ. ಪರದೆಯಲ್ಲಿ ಮಾರ್ಲೆನಿಯ ತಲೆಗೆ ಹೂಕಿರೀಟ, ಬೆಣ್ಣೆಯಂಥ ಕೆನ್ನೆ. ಮಗಳು ವರ್ಷದಿಂದ ವರ್ಷಕ್ಕೆ ಚಂದವಾಗುತ್ತಿದ್ದಾಳೆಂದು ತೆಂಚಾ ಬೀಗುತ್ತಿದ್ದಳು. ಆ ಹೂವು ಮುಡಿಸುವುದೂ ಕೆನ್ನೆ ನಯಗೊಳಿಸುವುದೂ ಫೋನೇ ಎಂದು ಗೊತ್ತಿದ್ದ ಹರೆಯದವರು ಮುಸಿಮುಸಿ ನಗುತ್ತಿದ್ದರು. ಈ ಭಾನುವಾರ ಕರೆ ಬಂದಿರಲಿಲ್ಲ.

ಇವಳು ಗೊತ್ತಾ ಎಂದು ಕೇಳಿದರೆ ಯೆಸ್ಲಿ ಅಳುತ್ತಾ ಇಲ್ಲವೆಂದು ತಲೆಯಾಡಿಸಿದಳು. ಅಷ್ಟು ಸಾಕಾಯಿತು. ಹೆಂಗಸಿನ ಚೀಲ ಹರಿದು ಗೊಂಬೆ, ಮಿಠಾಯಿ, ಪುಟ್ಟ ಗುಲಾಬಿ ಷೂ ಉರುಳಿದವು. ಕಳ್ಳಿಯಲ್ಲದೆ ಇನ್ಯಾರು ಇವನ್ನು ಹೊತ್ತು ಶಾಲೆಯ ಹತ್ತಿರ ಸುಳಿದಾಡುತ್ತಾರೆ?

ದೊಣ್ಣೆಗಳು ಬಂದವು. ಹಿರಿಯರು ಬಡಿದರು. ಹರೆಯದವರು ನೇರಪ್ರಸಾರ ಮಾಡುತ್ತಲೇ ಒದ್ದರು. ಒಬ್ಬನಿಗೂ ನಾಚಿಕೆಯಾಗಲಿಲ್ಲ. ಹೆಂಗಸು ತೆಂಚಾಳತ್ತ ತೆವಳಿ, ಒಡೆದ ಬಾಯಿಂದ "ಅಮ್ಮಾ" ಎಂದಳು. ಏಟು ತಿಂದವರೆಲ್ಲ ಹಾಗೆಯೇ ಕೂಗುತ್ತಾರೆ. ತೆಂಚಾ ಮೊಮ್ಮಗಳ ಕಣ್ಣು ಮುಚ್ಚಿ, ತಾನೂ ಒಂದು ಕಲ್ಲು ಎಸೆದಳು.

ಆಮೇಲೆ ದೇಹ ಅಲುಗಲಿಲ್ಲ.

ನೆರೆಮನೆಯ ನೇರಿ ಹೆಂಗಸಿನ ಫೋನ್ ಕಿತ್ತುಕೊಂಡಿದ್ದ. "ಲಾಕ್ ಆಗಿದೆ ದೊನ್ಯಾ. ಇದರೊಳಗೆ ಇನ್ನೆಷ್ಟು ಮಕ್ಕಳ ಫೋಟೋ ಇಟ್ಕೊಂಡಿದಾಳೋ."

ತೆಂಚಾ ಕೇಳಿಸಿಕೊಳ್ಳಲಿಲ್ಲ. ಮೊದಲು ಮಾರ್ಲೆನಿಗೆ ತಿಳಿಸಬೇಕು: ಹೆದರಬೇಡ, ನಿನ್ನ ಕೂಸು ನನ್ನ ಹತ್ತಿರ ಕ್ಷೇಮವಾಗಿದೆ. ರಕ್ತ ಸಿಡಿದ ಕೈಯನ್ನು ಶಾಲಿಗೆ ಒರೆಸಿಕೊಂಡು ಮಗಳಿಗೆ ಕರೆ ಮಾಡಿದಳು.

ನೇರಿಯ ಕೈಯಲ್ಲಿದ್ದ ಫೋನ್ ರಿಂಗಣಿಸಿತು. ಅದರ ಪರದೆಯ ಮೇಲೆ ತೆಂಚಾಳ ಮುಖವಿತ್ತು.