ಒತ್ತಿಗೂ ರೇಟು

“ಈ ಪುಳ್ಳೆಗೆ ಮೂವತ್ತಾ?”

ಎದುರು ಕೂತ ಹಿರಿಯಾಕೆ ಮರದಲ್ಲಿ ಕತ್ತರಿಸಿದ ಅಕ್ಷರವೊಂದನ್ನು ಎರಡೇ ಬೆರಳಲ್ಲಿ, ಸತ್ತ ಜಿರಳೆಯನ್ನು ಎತ್ತುವಂತೆ ಎತ್ತಿ ಹಿಡಿದಿದ್ದಳು. ಅಂಗಡಿಯವಳು ಬಿಲ್ಲನ್ನು ಆಕೆಯ ಮುಂದಕ್ಕೆ ಸರಿಸಿದಳು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಒಂದು ಲೇಸರ್ ಯಂತ್ರ, ಒಂದು ಕಂಪ್ಯೂಟರ್, ಗೋಡೆಗೆ ಒರಗಿಸಿಟ್ಟ ಪ್ಲೈವುಡ್ ಹಾಳೆಗಳು, ಕಿಟಕಿ ಎಷ್ಟು ತೆರೆದಿಟ್ಟರೂ ಹೋಗದ ಸುಟ್ಟ ಮರದ ವಾಸನೆ. ಹಿರಿಯಾಕೆ ಬಂದವಳೇ ಫ್ಯಾನ್ ಹಾಕಿದ್ದಳು, ಗಿರಾಕಿಗಳ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಿದ್ದಳು. ಯಾವುದಕ್ಕೂ ಅಪ್ಪಣೆ ಕೇಳಿರಲಿಲ್ಲ. ಕೆಲವರು ಹಾಗೆಯೇ, ಹೋದ ಕಡೆಯೆಲ್ಲ ತಮ್ಮದೇ ಮನೆ.

ಆರ್ಡರ್ ದೊಡ್ಡದು. ಮದುವೆ ಊಟದ ಮೇಜುಗಳ ಮೇಲೆ ತಟ್ಟೆಗೊಂದರಂತೆ ಇಡಲು ಎಂಬತ್ತು ಅತಿಥಿಗಳ ಹೆಸರು. ಒತ್ತಕ್ಷರಗಳನ್ನೂ ಸೇರಿಸಿ ಮುನ್ನೂರ ಇಪ್ಪತ್ತು ಅಕ್ಷರ. ಅಕ್ಷರಕ್ಕೆ ಮೂವತ್ತರಂತೆ ಒಂಬತ್ತು ಸಾವಿರದ ಆರುನೂರು. ಅಷ್ಟೂ ಬಂದರೆ ಯಂತ್ರಕ್ಕೆ ಹೊಸ ಲೇಸರ್ ಟ್ಯೂಬು ಬರುತ್ತದೆ. ಬಾರದಿದ್ದರೆ ಯಂತ್ರದ ಮೇಲೊಂದು ಹಳೇ ಬೆಡ್‌ಶೀಟು ಹೊದಿಸಿ ಬಾಗಿಲು ಹಾಕುವುದೇ ಸೈ. ಹಿಂದಿನ ಐದು ಆರ್ಡರುಗಳಲ್ಲೂ ಗಿರಾಕಿ ಮುಖ ಸಿಂಡರಿಸಿದ ಕೂಡಲೇ ಇವಳು ರೇಟು ಇಳಿಸಿದ್ದಳು. ಮೂರು ಮಿಲಿಮೀಟರ್ ಪ್ಲೈವುಡ್ಡಿಗಿಂತ ಬೇಗ ಬಗ್ಗುವ ವಸ್ತು ಆ ಕೋಣೆಯಲ್ಲಿ ಒಂದೇ ಇತ್ತು: ಅಂಗಡಿಯವಳು.

“ಯಂತ್ರ ತಾನೇ ಕತ್ತರಿಸೋದು? ನೀನೇನು ಗರಗಸ ಹಿಡಿದು ಕೂರ್ತೀಯಾ?”

“ಹಾಗಲ್ಲ... ಹೆಸರು ಜೋಡಿಸಬೇಕು, ಅಂಚಿನ ಮಸಿ ಒರೆಸಬೇಕು, ಒಂದೊಂದನ್ನೂ ಉಜ್ಜಬೇಕು...”

“ಉಜ್ಜೋಕೆ ನಮ್ಮನೇಲಿ ಪಾತ್ರೆ ಇದೆ, ಬಾ. ಅದಕ್ಕೂ ಅಕ್ಷರದ ಲೆಕ್ಕದಲ್ಲಿ ಕೊಡ್ತೀನಿ.”

ಅಂಗಡಿಯವಳ ಕಿವಿ ಕೆಂಪಾಯಿತು. ಹಿರಿಯಾಕೆ ಬಿಲ್ಲಿನ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದಳು. ಓದುತ್ತಾ ಓದುತ್ತಾ ಅವಳ ತುಟಿ ಒಂದು ಕಡೆಗೆ ಓರೆಯಾಯಿತು.

“ಇದೇನಿದು, ‘ಅಕ್ಕ’ ಅನ್ನೋದಕ್ಕೆ ಮೂರು ಅಕ್ಷರ? ಒಂದನೇ ಕ್ಲಾಸಿನ ಮಕ್ಕಳೂ ಎರಡು ಅಂತಾರೆ. ಒತ್ತಿಗೂ ರೇಟಾ? ನಾಳೆ ಕೊಂಬು, ದೀರ್ಘಕ್ಕೂ ಹಾಕ್ತೀಯೇನೋ.”

“ಒತ್ತು ಅಕ್ಷರಕ್ಕೆ ಅಂಟಿಕೊಂಡಿರಲ್ಲ, ಕೆಳಗೆ ಬೇರೆಯಾಗಿ ನಿಂತಿರುತ್ತೆ. ಹಾಗೇ ಕತ್ತರಿಸಿದರೆ ಉದುರಿಹೋಗುತ್ತೆ. ಒಂದೊಂದಕ್ಕೂ ದಾರದಷ್ಟು ಸಣ್ಣ ಸೇತುವೆ ಬರೆದು ಕೂಡಿಸಬೇಕು.”

“ಉದುರಿದ್ರೆ ಉದುರಲಿ. ಊಟಕ್ಕೆ ಬಂದೋರು ಅನ್ನ ನೋಡ್ತಾರೋ, ಒತ್ತು ನೋಡ್ತಾರೋ?”

ಆಕೆ ಮೇಜಿನ ಕೆಳಗೆ ಕೈಹಾಕಿ ಕೆಟ್ಟ ಮಾಲಿನ ಡಬ್ಬಿಯನ್ನು ಎಳೆದಳು. ಹುಡುಕಿ ಒಂದು ತುಂಡು ತೆಗೆದು ಮೇಜಿನ ಮೇಲೆ ಟಪ್ಪೆಂದು ಇಟ್ಟಳು. ಯಾರೋ ಗಂಡ ತನ್ನ ಹೆಂಡತಿಯ ಹುಟ್ಟುಹಬ್ಬಕ್ಕೆ ಮಾಡಿಸಿದ ಫಲಕ. ‘ಮುದ್ದಿ’ ಎಂದಿರಬೇಕಾದ ಕಡೆ ಒತ್ತು ಉದುರಿ ‘ಮುದಿ’ ಎಂದು ಉಳಿದಿತ್ತು.

“ಇದಕ್ಕೂ ಮೂವತ್ತು ತಗೊಂಡ್ಯಾ?”

“ಅದಕ್ಕೆ ದುಡ್ಡು ವಾಪಸ್ ಕೊಟ್ಟೆ. ಇನ್ನೊಂದು ಮಾಡಿಕೊಟ್ಟೆ.”

“ಕೊಟ್ಟಿರ್ತೀಯ. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ.” ಆಕೆ ಕುರ್ಚಿಗೆ ಒರಗಿದಳು. “ಕೊನೇ ಮಾತು ಹೇಳು. ಎಷ್ಟು?”

ಅಂಗಡಿಯವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. “ಏಳು ಸಾವಿರ ಕೊಟ್ಬಿಡಿ.”

ಒಂದೇ ಏಟಿಗೆ ಎರಡು ಸಾವಿರದ ಆರುನೂರು ಇಳಿದಿತ್ತು. ಬೇರೆ ಯಾರಾದರೂ ಪರ್ಸಿಗೆ ಕೈಹಾಕುತ್ತಿದ್ದರು. ಈಕೆಯ ಹುಬ್ಬು ಇನ್ನಷ್ಟು ಗಂಟಿಕ್ಕಿತು.

“ಏಳೇ? ಹಾಗಾದ್ರೆ ಇಷ್ಟು ಹೊತ್ತು ಒಂಬತ್ತೂವರೆ ಅಂದಿದ್ದು ಸುಳ್ಳಾ?”

“ಅಮ್ಮಾ, ದಯವಿಟ್ಟು...”

“ಅಮ್ಮ ಗಿಮ್ಮ ಎಲ್ಲಾ ಬೇಡ. ಅಮ್ಮ ಅಂದ್ರೆ ಕರಗಿಬಿಡ್ತಾರೆ ಅಂದ್ಕೊಂಡ್ಯಾ? ವ್ಯಾಪಾರಕ್ಕೆ ಕೂತಿದ್ದೀಯ, ವ್ಯಾಪಾರ ಮಾಡು. ಆನ್‌ಲೈನಲ್ಲಿ ಇದೇ ಮಾಲು ಅರ್ಧಕ್ಕೆ ಸಿಗುತ್ತೆ.”

ಅಂಗಡಿಯವಳು ತಲೆ ಎತ್ತಿದಳು. ಎಲ್ಲೋ ಚುಚ್ಚಿತ್ತು.

“ಅಲ್ಲೇ ತರಿಸಿ. ಎಂಬತ್ತರಲ್ಲಿ ನಲವತ್ತು ಜನರ ಹೆಸರು ತಪ್ಪಿರುತ್ತೆ. ಅವರು ತಟ್ಟೆ ಮುಂದೆ ಕೂತು ಅದನ್ನ ಫೋಟೋ ತೆಗೀತಾರೆ.”

“ಓಹೋ. ಬಟನ್ ಒತ್ತೋಳಿಗೆ ಇಷ್ಟು ಜಂಬಾನಾ?”

“ನಾನು ದುಡ್ಡು ಕೇಳ್ತಿರೋದು ಬಟನ್ ಒತ್ತೋದಕ್ಕಲ್ಲ. ಒತ್ತಿಗೆ.”

ಹಿರಿಯಾಕೆಯ ಬಾಯಂಚು ಅಲುಗಿತು. ಸಾವರಿಸಿಕೊಂಡು ಇನ್ನೂ ಬಿರುಸಾಗಿ ಕೇಳಿದಳು: “ಯಾರಿಗೆ ಮಾಡಿಕೊಡ್ತಿದ್ದೀಯ ಅಂತ ನೋಡಬಾರದಾ? ನಮ್ಮಂಥವರಿಗೂ ಇದೇ ರೇಟಾ? ಐದು ಸಾವಿರ ಇಡ್ತೀನಿ. ಇಷ್ಟ ಇದ್ರೆ ಮಾಡು.”

ಅಂಗಡಿಯವಳು ಬಿಲ್ಲನ್ನು ಆಕೆಯ ಕೈಯಿಂದ ತೆಗೆದುಕೊಂಡಳು. ಮಡಿಕೆ ಬಿಡಿಸಿ, ಮೇಜಿನ ಮೇಲೆ ಅಂಗೈಯಿಂದ ಸವರಿ, ಆಕೆಯ ಕಡೆಗೇ ತಿರುಗಿಸಿ ಇಟ್ಟಳು.

“ಒಂಬತ್ತು ಸಾವಿರದ ಆರುನೂರು. ಅರ್ಧ ಮುಂಗಡ. ಕಮ್ಮಿ ಆಗಬೇಕಂದ್ರೆ ಅತಿಥಿಗಳನ್ನ ಕಮ್ಮಿ ಮಾಡಿ. ಅದೂ ಆಗಲ್ಲ ಅಂದ್ರೆ ಬೇರೆ ಕಡೆ ನೋಡ್ಕೊಳ್ಳಿ.”

ಹಿರಿಯಾಕೆ ಆ ಕಡೆಯಿಂದ ಕದಲಲಿಲ್ಲ, ಅಂಗಡಿಯವಳು ಈ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಹಿರಿಯಾಕೆಯೇ ಸೋತವಳಂತೆ ಉಸಿರು ಬಿಟ್ಟು ಕುರ್ಚಿಯಿಂದ ಎದ್ದಳು.

“ಹೂಂ, ಈಗ ಸರಿಹೋಯ್ತು. ಹನ್ನೊಂದು ಗಂಟೆಗೆ ನಿನ್ನತ್ತೆ ಬಂದು ಈ ಕುರ್ಚೀಲಿ ಕೂತಾಗ್ಲೂ ಮುಖ ಹೀಗೇ ಇಟ್ಕೋ. ತಮ್ಮ ಮಗಳ ಮದುವೆ ಖರ್ಚೆಲ್ಲ ಸೊಸೆ ತಲೆಗೆ ಕಟ್ಟೋಕೆ ಬರ್ತಿರೋದು. ನನ್ನಷ್ಟು ಮೆತ್ತಗೆ ಮಾತಾಡಲ್ಲ ಅವರು.”

“ಇಟ್ಕೋತೀನಿ,” ಎಂದಳು ಮಗಳು. “ಮೊದಲು, ಹೋದ ತಿಂಗಳು ವಾಕಿಂಗ್ ಗೆಳತಿಯರಿಗೆ ಅಂತ ನೀನು ಪುಕ್ಕಟೆ ಹೊತ್ಕೊಂಡು ಹೋದ ಹನ್ನೆರಡು ಕೀಚೈನಿನ ದುಡ್ಡು ಇಡಮ್ಮ. ಒತ್ತೂ ಸೇರಿಸಿ.”