ಶಿವಕಾಂತನ ಮೂಗು

"ಇದಕ್ಕ ಔಷಧ ಹೊಡದಾರ," ಅಂದ ಶಿವಕಾಂತ. ಬದನೆಕಾಯಿಯನ್ನು ಇನ್ನೂ ಮೂಗಿಗೆ ಹಿಡಿದೇ ಇದ್ದ.

ಪುಂಡಿಪಲ್ಯ ಸೋಸುತ್ತಿದ್ದ ಮಗಳು ಗಂಗಾಂಬಿಕಾ ಕೈ ನಿಲ್ಲಿಸಿದಳು. ಏಳು ತಿಂಗಳ ಬಸುರಿ. ಹೆರಿಗೆಗೆಂದು ರಾಯಚೂರಿನಿಂದ ಗದ್ವಾಲದ ತವರಿಗೆ ಬಂದಿದ್ದಳು. ಹಿಂದೆ ಎರಡು ಸಲ ಬಸುರು ನಿಂತಿರಲಿಲ್ಲ. ಈ ಸಲ ಅವಳ ಬಾಯಿಗೆ ಹೋಗುವ ಪ್ರತಿ ಎಲೆಯನ್ನೂ ತಾನೇ ನೋಡಿ ಒಳಗೆ ಬಿಡುವುದೆಂದು ಶಿವಕಾಂತ ಹಟ ಹಿಡಿದಿದ್ದ. ಅದಕ್ಕೆಂದೇ ವಾರವಾರ ಮನೆ ಬಾಗಿಲಿಗೆ ಈ ಡಬ್ಬಿ ಬರುತ್ತಿತ್ತು. ಒಳಗೆ ರಾಸಾಯನಿಕ ಸೋಕಿಸದೆ ಬೆಳೆದ ತರಕಾರಿ.

ಬಜಾರಿನ ತರಕಾರಿ ಅವನ ಹೊಸ್ತಿಲು ದಾಟುತ್ತಿರಲಿಲ್ಲ. ಅದನ್ನು ಚೀಲ ತುಂಬಿ ತರುವ ಅಕ್ಕಪಕ್ಕದವರನ್ನು ಕಂಡರೆ ಅವನ ಮುಖ ಹುಳಿಯಾಗುತ್ತಿತ್ತು. "ವಿಷ ಕೊಂಡು ತಿಂತಾವ, ಮ್ಯಾಲ ಚೌಕಾಸಿ ಬ್ಯಾರೆ," ಎನ್ನುತ್ತಿದ್ದ. ಇನ್ನು ಬೆಳೆಯುವವರ ವಿಷಯ ಕೇಳುವುದೇ ಬೇಡ. ಕೋಟೆ ರಸ್ತೆಯ ಸೀರೆ ಅಂಗಡಿಗಳ ಸಾಲಿನ ಕೊನೆಯಲ್ಲಿ ಅವನದೊಂದು ಅಂಗಡಿ. ದಿನಾ ಹಳ್ಳಿಯವರ ಜೊತೆ ತಲೆ ಚಚ್ಚಿಕೊಂಡು ಅವರ ದಡ್ಡತನವೆಲ್ಲ ತನಗೆ ಬಾಯಿಪಾಠವಾಗಿದೆ ಎಂಬ ಗತ್ತು. ಮೂಗಿನ ಬಗ್ಗೆಯಂತೂ ಭಾರಿ ಹೆಮ್ಮೆ.

ಡಬ್ಬಿ ಮುಟ್ಟಿಸುವ ಕಲ್ಯಾಣ್‌ಗೆ ಫೋನು ಹೋಯಿತು. ಕೆ.ಟಿ. ದೊಡ್ಡಿ ಕಡೆಯ ನಾಲ್ಕಾರು ಹೊಲಗಳಿಂದ ತರಕಾರಿ ಎತ್ತಿ ಗದ್ವಾಲದ ಮನೆಗಳಿಗೆ ಹಂಚುವುದು ಅವನ ಕಸುಬು. ಇಂಥ ಒಂದು ದೂರು ಹಬ್ಬಿದರೆ ಆ ಕಸುಬಿಗೆ ಬೀಗ. ಮರುದಿನ ಬೆಳಿಗ್ಗೆ ಬದನೆ ಬೆಳೆದ ಜಮ್ಮುಲಮ್ಮನನ್ನೇ ಆಟೋದಲ್ಲಿ ಕೂರಿಸಿಕೊಂಡು ಬಂದ.

ಶಿವಕಾಂತ ಅವಳಿಗೆ ಕೂರು ಅನ್ನಲಿಲ್ಲ. ಅಂಗಳದಲ್ಲಿ ನಿಂತವಳ ಕಾಲಿನ ಮಣ್ಣನ್ನೂ ಸೆರಗಿನ ತೇಪೆಯನ್ನೂ ನೋಡಿ ಮುಖ ತಿರುಗಿಸಿದ.

"ಏನು ಹೊಡದಿ ಅದಕ್ಕ?"

"ಬೇವಿನ ಎಣ್ಣಿ ಒಂದ ರೀ. ಬ್ಯಾರೆ ಏನೂ ಮುಟ್ಟಿಸಿಲ್ರಿ. ದೇವರಾಣಿ."

"ಬದನಿಕಾಯಿಗೆ ದೇವರನ್ನ ಯಾಕ ಎಳೀತಿ? ಬೇವಿನ ವಾಸನಿ ನನಗೂ ಬಂತು. ಅದರ ತಳದಾಗ ಇನ್ನೊಂದು ಐತಿ. ಹತ್ತಿಗೆ ಹೊಡಿಯೋದು. ಹೊಟ್ಟ್ಯಾಗಿನ ಕೂಸಿಗೆ ಅದು ಏನು ಮಾಡ್ತೈತಿ, ಗೊತ್ತೇನು ನಿನಗ?"

ಜಮ್ಮುಲಮ್ಮ ಗಂಗಾಂಬಿಕೆಯ ಹೊಟ್ಟೆ ನೋಡಿದಳು. ಕಲ್ಯಾಣ್ ಒಂದು ಕಾಯಿ ಎತ್ತಿ ಮೂಸಿದ. ಅವನಿಗೆ ಬರೀ ಬದನೆಕಾಯಿಯ ವಾಸನೆ ಬಂತು.

"ನನಗೇನೂ ತಿಳಿಯವಲ್ದ್ರಿ, ಸಾವ್ಕಾರ್ರ," ಅಂದ. "ಆದ್ರ ನೀವು ಅಂದ ಮ್ಯಾಲ ಮುಗೀತು. ಇದರಾಗ ನಿಮಗಿಂತ ಬಲ್ಲವರು ಯಾರದಾರ?"

"ಎಣ್ಣ್ಯಾಗನ ಯಾರರೆ ಬೆರಸಿರಬೇಕಪ್ಪಾ," ಅಂದಳು ಗಂಗಾಂಬಿಕಾ. "ಎಲ್ಲಿ ತಂದೀರಿ ಅಕ್ಕಾ ಅದನ್ನ?"

"ಇಲ್ಲೇ ಗದ್ವಾಲದಾಗ ರೀ, ನಮ್ಮ ಮನಿಯವ್ರು ತಂದಾರ. ಯಾವ ಅಂಗಡಿ ಅಂತ ಅವರನ್ನ ಕೇಳಿ..."

"ಗದ್ವಾಲದಾಗ ನೂರು ಅಂಗಡಿ ಅದಾವ." ಶಿವಕಾಂತ ಮಾತು ತುಂಡರಿಸಿದ. "ಮಾರಿದಾಂವ ಮಾರಿದ. ಹೊಡದಾಕಿಗೆ ಕಣ್ಣಿಲ್ಲೇನು? ಒಂದ ಸಲಕ್ಕ ಹುಳ ಎಲ್ಲಾ ಉದುರಿ ಬಿದ್ದಾಗ, ಬೇವಿಗೆ ಇಷ್ಟು ತಾಕತ್ತು ಎಲ್ಲಿಂದ ಬಂತು ಅಂತ ಕೇಳಿದೇನು? ಖುಷಿ ಪಟ್ಟಿ. ಮತ್ತ ಅದನ್ನ ತರಿಸಿದಿ. ನಿಮ್ಮಂಥವರಿಗೆ ಅಸಲಿ ಕೊಟ್ರ ಬೈಕೋತ ವಾಪಸ್ ತರ್ತೀರಿ."

ಜಮ್ಮುಲಮ್ಮ ತಲೆ ತಗ್ಗಿಸಿದಳು. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಹುಳ ಸತ್ತ ದಿನ ಅವಳು ನಿಜಕ್ಕೂ ಖುಷಿಪಟ್ಟಿದ್ದಳು.

"ಈ ಡಬ್ಬಿ ನಂಬಿ ಮನಿಯವ್ರನ್ನ ಪುಣೆ ಕೆಲಸ ಬಿಡಿಸಿ ಕರಸೀನ್ರಿ," ಅಂದಳು ಮೆಲ್ಲಗೆ. "ಇದು ತಪ್ಪಿದ್ರ ಇಬ್ರೂ ಇಟ್ಟಂಗಿ ಹೊರಾಕ ಹೋಗಬೇಕ್ರಿ."

"ಹೋಗ್ರಿ. ಇಟ್ಟಂಗಿ ಯಾರೂ ತಿನ್ನಂಗಿಲ್ಲ."

ಕಲ್ಯಾಣ್, ಇನ್ನು ಮೇಲೆ ಅವಳ ಹೊಲದ ತರಕಾರಿ ಎತ್ತುವುದಿಲ್ಲ ಎಂದು ಅಲ್ಲೇ ಹೇಳಿಬಿಟ್ಟ. ಜಮ್ಮುಲಮ್ಮ ಗಂಗಾಂಬಿಕೆಗೆ ಕೈಮುಗಿದು ಆಟೋ ಹತ್ತಿದಳು.

"ಭಾಳ ಬಿರುಸಾತಪ್ಪಾ," ಅಂದಳು ಮಗಳು.

"ನಿನ್ನ ಸಲುವಾಗಿ ಬೇ. ಇಂಥಾ ತಿಳಿಗೇಡಿಗಳ ಕೈಯಾಗ ನನ್ನ ಮೊಮ್ಮಗನ್ನ ಕೊಡಾಕ ಆಗತೈತೇನು?" ಅವನ ದನಿ ನಡುಗಿತು. ಅದರಲ್ಲಿ ನಟನೆಯಿರಲಿಲ್ಲ, ಶಿವಕಾಂತನಿಗೆ ನಿಜವಾಗಿಯೂ ಭಯವಾಗಿತ್ತು. ಇಡೀ ಬದನೆಕಾಯಿಯನ್ನು ಮಣ್ಣಿನಲ್ಲಿ ಹೂಳಿಸಿ, ಹೂಳಿದ ಆಳಿಗೆ ಸಾಬೂನು ಕೊಟ್ಟು ಕೈ ತೊಳೆಸಿದ.

ಕಲ್ಯಾಣ್ ತಾನು ತರಕಾರಿ ಎತ್ತುವ ಹೊಲಗಳಲ್ಲೆಲ್ಲ ಶಿವಕಾಂತನ ಗುಣಗಾನ ಮಾಡಿದ. ಮೂಸಿ ಕಲಬೆರಕೆ ಹಿಡಿದ ಮನುಷ್ಯ, ಒಬ್ಬ ಹೆಂಗಸಿನ ಕಣ್ಣೀರಿಗೂ ಕರಗಲಿಲ್ಲ, ಇಂಥ ಪ್ರಾಮಾಣಿಕರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದೆಲ್ಲ. ಶಿವಕಾಂತ ಕೇಳಿಯೂ ಕೇಳದವನಂತೆ ಇದ್ದ, ಒಳಗೊಳಗೇ ಹಿಗ್ಗಿದ.

ಮುಂದಿನ ವಾರ ಅವನು ಅಂಗಡಿಗೆ ಹೋದಾಗ ಗಲ್ಲೆಯ ಮುಂದೆ ಒಬ್ಬ ಹೆಂಗಸು ಕಾಯುತ್ತಿದ್ದಳು. ಹೆಸರು ಕಿಷ್ಟಮ್ಮ ಎಂದಳು.

"ಜಮ್ಮುಲಮ್ಮನ ಬದಲಿಗೆ ಇನ್ನ ನಿಮ್ಮ ಮನಿ ಡಬ್ಬಿಗೆ ಕಾಯಿಪಲ್ಯ ನಂದ ರೀ. ಕಲ್ಯಾಣ್ ಕಳಿಸ್ಯಾರ. ಬೇವಿನ ಎಣ್ಣಿ ಕಂಡಕಂಡಲ್ಲಿ ತರಬ್ಯಾಡ್ರಿ, ಕಲಬೆರಕಿ ಇರ್ತೈತಿ, ಶಿವಕಾಂತ ಸಾವ್ಕಾರ್ರ ಅಂಗಡ್ಯಾಗನ ತಗೊಳ್ರಿ ಅಂದಾರ. ಡಬ್ಬಿಗೆ ಬೆಳಿಯೋ ನಮಗೆಲ್ಲಾರಿಗೂ ಹಂಗ ಹೇಳ್ಯಾರ್ರಿ. ಉಳಿದವರು ಮುಂಜಾನೇನ ಬಂದು ನಿಮ್ಮ ಅಂಗಡಿ ಹುಡುಗನ ಕಡೆ ಒಯ್ದಾರಂತ."

ಶಿವಕಾಂತ ಬೆನ್ನ ಹಿಂದಿನ ಕಪಾಟಿನ ಕಡೆ ತಿರುಗಿದ. ಬೀಜ, ಗೊಬ್ಬರ, ಕ್ರಿಮಿನಾಶಕಗಳ ನಡುವೆ ಬೇವಿನ ಎಣ್ಣೆಯ ಬಾಟಲಿಗಳ ಸಾಲು ಅರ್ಧ ಖಾಲಿಯಾಗಿತ್ತು. ಹೋದವಕ್ಕೂ ಉಳಿದವಕ್ಕೂ ಹತ್ತಿಯ ಔಷಧವನ್ನು ತನ್ನ ಕೈಯಾರೆ ಬೆರೆಸಿದವನು ಅವನೇ.